ಬಾಯ್ಕಾಟ್ ಅನ್ನೋ ಮನುಷ್ಯ, ಬಾಯ್ಕಾಟ್ ಅನ್ನೋ ಪದ

ಟಿವಿ ಮುಂದೆ ಕೂತು ಕ್ರಿಕೆಟ್ ನೋಡ್ತಾ ಬೆಳೆದೋರಿಗೆ ಬಾಯ್ಕಾಟ್ ಅಂದ ತಕ್ಷಣ ನೆನಪಾಗೋದು ಜೆಫ್ರಿ ಬಾಯ್ಕಾಟ್. ಆ ಯಾರ್ಕ್‌ಶೈರ್ ರಾಗ, ಕಾಮೆಂಟರಿಯಲ್ಲಿ ಯಾರನ್ನೂ ಬಿಡದೆ ಬೈಯೋ ಸ್ಟೈಲು, ಎಲ್ಲರಿಗೂ ಗೊತ್ತು. 1967ರಲ್ಲಿ ಲೀಡ್ಸ್‌ನ ಹೆಡಿಂಗ್ಲೆ ಗ್ರೌಂಡಲ್ಲಿ ಈ ಮನುಷ್ಯ ನಮ್ಮ ಮೇಲೆ ಔಟಾಗದೆ 246 ರನ್ ಹೊಡೆದ. ಆ ಟೂರ್‌ನಲ್ಲಿ ನಮ್ಮ ಪ್ರಸನ್ನ, ಚಂದ್ರಶೇಖರ್ ಇಬ್ರೂ ಇದ್ರು. ಇಷ್ಟು ಹೊಡೆದ್ರೂ ತೀರಾ ನಿಧಾನಕ್ಕೆ ಆಡಿದ ಅಂತ ಇಂಗ್ಲೆಂಡ್ ಸೆಲೆಕ್ಟರ್‌ಗಳು ಮುಂದಿನ ಟೆಸ್ಟ್‌ಗೆ ಅವನನ್ನ ಕೈಬಿಟ್ರು. ಬಾಯ್ಕಾಟ್‌ಗೇ ಬಾಯ್ಕಾಟ್ ಅಂತ ಜೋಕ್ ಹೊಡೆಯೋಕೆ ಇದಕ್ಕಿಂತ ಒಳ್ಳೆ ಸಂದರ್ಭ ಸಿಗಲ್ಲ. ಆದ್ರೆ ಆ ಪದಕ್ಕೂ ಈ ಬ್ಯಾಟ್ಸ್‌ಮನ್‌ಗೂ ಸಂಬಂಧ ಇಲ್ಲ, ಪದ ಹುಟ್ಟಿದ್ದು ಇವನಿಗಿಂತ ತುಂಬಾ ಮೊದಲು, 1880ರಲ್ಲಿ, ಐರ್ಲೆಂಡಿನ ಪಶ್ಚಿಮಕ್ಕಿರೋ ಮೇಯೋ ಅನ್ನೋ ಕೌಂಟಿಯಲ್ಲಿ, ಒಂದು ಕೆರೆ ಪಕ್ಕದ ಮನೆಯಲ್ಲಿದ್ದ ಇನ್ನೊಬ್ಬ ಬಾಯ್ಕಾಟ್‌ನಿಂದ.

ಅವನ ಪೂರ್ತಿ ಹೆಸರು ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್. ಹುಟ್ಟಿದ್ದು 1832ರಲ್ಲಿ ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ, ಅಪ್ಪ ಚರ್ಚಿನ ಪಾದ್ರಿ. ಮಜಾ ಏನಂದ್ರೆ ಹುಟ್ಟಿದಾಗ ಮನೆತನದ ಹೆಸರು ಬಾಯ್ಕ್ಯಾಟ್ ಅಂತಿತ್ತು, ಸ್ಪೆಲ್ಲಿಂಗಲ್ಲಿ ಓ ಬದಲು ಎ. 1841ರಲ್ಲಿ ಮನೆಯವರು ಅದನ್ನ ಬದಲಾಯಿಸಿಕೊಂಡ್ರು. ಅದೊಂದು ಅಕ್ಷರ ಹಾಗೇ ಬಿಟ್ಟಿದ್ರೆ ಇವತ್ತು ನಮ್ಮ ಪೇಪರ್‌ಗಳಲ್ಲಿ ಚೀನಾ ಮಾಲು ಬಾಯ್ಕ್ಯಾಟ್ ಮಾಡಿ ಅಂತ ಬರ್ತಿತ್ತು.

ಹುಡುಗನಿಗೆ ಮಿಲಿಟರಿ ಹುಚ್ಚು, ವೂಲಿಚ್‌ನ ಮಿಲಿಟರಿ ಅಕಾಡೆಮಿಗೆ ಸೇರಿದ, ಪರೀಕ್ಷೆಯಲ್ಲಿ ಫೇಲಾಗಿ ಆಚೆ ಬಂದ. ಆಗೆಲ್ಲ ದುಡ್ಡು ಕೊಟ್ಟು ಸೈನ್ಯದಲ್ಲಿ ಆಫೀಸರ್ ಹುದ್ದೆ ಕೊಂಡ್ಕೊಳ್ಳೋದು ಕಾನೂನುಬದ್ಧವಾಗೇ ಇತ್ತು, ಅಪ್ಪ 450 ಪೌಂಡ್ ಕೊಟ್ಟು ಒಂದು ರೆಜಿಮೆಂಟಲ್ಲಿ ಜಾಗ ಕೊಡಿಸಿದ, ಆ ರೆಜಿಮೆಂಟ್ ಐರ್ಲೆಂಡಿಗೆ ಹೋಯ್ತು, ಅಲ್ಲೇ ಕಾಯಿಲೆ ಬಿದ್ದ, ಆನ್ ಡನ್ ಅನ್ನೋಳನ್ನ ಮದುವೆಯಾದ, ಮೂರು ವರ್ಷಕ್ಕೆ ಹುದ್ದೆ ಮಾರಿ ಜಮೀನು ಗುತ್ತಿಗೆಗೆ ಹಿಡಿದ. ಅಂದ್ರೆ ಕ್ಯಾಪ್ಟನ್ ಆಗೋಷ್ಟು ಕಾಲ ಸೈನ್ಯದಲ್ಲಿ ಇರಲೇ ಇಲ್ಲ. ಆದ್ರೂ ಜನ ಅವನನ್ನ ಕ್ಯಾಪ್ಟನ್ ಬಾಯ್ಕಾಟ್ ಅಂತಾನೇ ಕರೀತಿದ್ರು, ಇತಿಹಾಸದ ಪುಸ್ತಕಗಳಲ್ಲೂ ಹಾಗೇ ಉಳ್ಕೊಂಡ. ಅಚಿಲ್ ಅನ್ನೋ ಗಾಳಿ ಮಳೆಯ ದ್ವೀಪದಲ್ಲಿ ಸುಮಾರು ಇಪ್ಪತ್ತು ವರ್ಷ ಬೇಸಾಯ ಮಾಡಿ, 1870ರ ದಶಕದಲ್ಲಿ ಲಾಕ್ ಮಾಸ್ಕ್ ಅನ್ನೋ ಕೆರೆ ದಂಡೆಯ ದೊಡ್ಡ ಮನೆಗೆ ಬಂದ. ಆ ಮನೆ, ಸುತ್ತಲಿನ ಜಮೀನು ಎಲ್ಲ ಲಾರ್ಡ್ ಅರ್ನ್ ಅನ್ನೋ ಶ್ರೀಮಂತನದ್ದು. ಅವನಿಗೆ ಐರ್ಲೆಂಡಲ್ಲಿ ಒಟ್ಟು ಸುಮಾರು 40,000 ಎಕರೆ ಇತ್ತು, ಅವನಿದ್ದಿದ್ದು ದೂರದ ಫರ್ಮನಾ ಕೌಂಟಿಯ ಕೋಟೆಯಂಥ ಬಂಗಲೆಯಲ್ಲಿ. ಮೇಯೋದಲ್ಲಿದ್ದ ಒಂದೂವರೆ ಸಾವಿರ ಎಕರೆಯ ಗೇಣಿ ವಸೂಲಿಗೆ ಬಾಯ್ಕಾಟ್ ಏಜೆಂಟ್. ನಮ್ಮ ಕಡೆ ಕಾರಭಾರಿ ಅಂತಾರಲ್ಲ, ಅದೇ ಕೆಲಸ. ಗೇಣಿಯಲ್ಲಿ ನೂರಕ್ಕೆ ಹತ್ತು ಇವನಿಗೆ.

ಮಲೆನಾಡಲ್ಲಿ, ಕರಾವಳಿಯಲ್ಲಿ ಗೇಣಿ ಕಾಲ ಕಂಡ ಹಿರಿಯರು ಮನೆಯಲ್ಲಿದ್ರೆ ಅವ್ರಿಗೆ ಈ ಚಿತ್ರ ವಿವರಿಸಬೇಕಾಗೇ ಇಲ್ಲ. ಧಣಿ ದೂರದಲ್ಲಿ ಒಳ್ಳೆಯವನಾಗಿರ್ತಾನೆ, ಕಣ್ಣೆದುರು ಕಾಡೋನು ಕಾರಭಾರಿ. ಬಾಯ್ಕಾಟ್ ಮಹಾ ಕ್ರೂರಿ ಅಂತೇನೂ ನಂಗನ್ಸಲ್ಲ, ಅವನಿಗಿಂತ ಕೆಟ್ಟ ಏಜೆಂಟ್‌ಗಳು ಆ ದೇಶದ ತುಂಬ ಇದ್ರು. ಇವನದ್ದು ಕಿರಿಕಿರಿ ಜಾತಿ. ದನ ಬೇಲಿ ದಾಟಿ ಬಂದ್ರೆ ದಂಡ ಹಾಕೋದು, ಮೊದಲಿಂದ ಎಸ್ಟೇಟಲ್ಲಿ ಸೌದೆ ಆರಿಸ್ಕೋತಿದ್ದೋರಿಗೆ ಇನ್ಮೇಲೆ ಬರಬೇಡಿ ಅನ್ನೋದು, ಇಂಥವು. ದೊಡ್ಡ ಅನ್ಯಾಯಕ್ಕಿಂತ ಈ ಸಣ್ಣ ಸಣ್ಣವೇ ಜನರ ಹೊಟ್ಟೆಯಲ್ಲಿ ಜಾಸ್ತಿ ದಿನ ಉರಿಯುತ್ತೆ ಅಂತ ನನ್ನ ಲೆಕ್ಕ.

ಕಾಲ ಬೇರೆ ಕೆಟ್ಟದಿತ್ತು. 1845ರಿಂದ ಶುರುವಾದ ಆಲೂಗಡ್ಡೆ ಬರದಲ್ಲಿ ಐರ್ಲೆಂಡಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತಿದ್ರು, ಇನ್ನೊಂದು ಹತ್ತು ಲಕ್ಷ ದೇಶ ಬಿಟ್ಟಿದ್ರು, ಅದನ್ನ ಕಣ್ಣಾರೆ ಕಂಡೋರು 1879ರಲ್ಲಿ ಇನ್ನೂ ಬದುಕಿದ್ರು, ಆ ವರ್ಷ ಮತ್ತೆ ಬೆಳೆ ಕೈಕೊಡ್ತು. ಗೇಣಿ ಕೊಡೋಕಾಗಲ್ಲ, ಕೊಡದಿದ್ರೆ ಒಕ್ಕಲೆಬ್ಬಿಸ್ತಾರೆ. ಅದೇ ಅಕ್ಟೋಬರಲ್ಲಿ ಮೇಯೋದ ಕಾಸಲ್‌ಬಾರ್ ಊರಲ್ಲಿ ಲ್ಯಾಂಡ್ ಲೀಗ್ ಹುಟ್ಟಿತು. ಕಟ್ಟಿದ್ದು ಮೈಕೆಲ್ ಡೇವಿಟ್, ಅವನ ಮನೆಯವರನ್ನೇ ಚಿಕ್ಕಂದಿನಲ್ಲಿ ಒಕ್ಕಲೆಬ್ಬಿಸಿದ್ರು. ಅಧ್ಯಕ್ಷ ಚಾರ್ಲ್ಸ್ ಸ್ಟೂವರ್ಟ್ ಪಾರ್ನೆಲ್, ಪಾರ್ಲಿಮೆಂಟ್ ಸದಸ್ಯ, ತಾನೇ ಒಬ್ಬ ಭೂಮಾಲೀಕ. ನ್ಯಾಯವಾದ ಗೇಣಿ, ಗೇಣಿ ಕಟ್ಟೋವರೆಗೆ ಎಬ್ಬಿಸಬಾರದು, ಒಕ್ಕಲುತನದ ಹಕ್ಕನ್ನ ಮಾರೋ ಸ್ವಾತಂತ್ರ್ಯ, ಇಷ್ಟೇ ಅವರ ಬೇಡಿಕೆ.

1880ರ ಸೆಪ್ಟೆಂಬರ್ 19ಕ್ಕೆ ಎನ್ನಿಸ್ ಅನ್ನೋ ಊರಲ್ಲಿ ಪಾರ್ನೆಲ್ ಭಾಷಣ. ನೆರೆಯವನನ್ನ ಎಬ್ಬಿಸಿದ ಜಮೀನನ್ನ ಇನ್ನೊಬ್ಬ ಬಂದು ಗೇಣಿಗೆ ಹಿಡಿದ್ರೆ ಅಂಥವನಿಗೆ ಏನ್ ಮಾಡ್ತೀರಿ ಅಂತ ಕೇಳಿದ. ಗುಂಪಿನಿಂದ ಕೂಗು ಬಂತು, ಗುಂಡು ಹೊಡೀರಿ. ಪಾರ್ನೆಲ್ ಅದಕ್ಕಿಂತ ಒಳ್ಳೆ ದಾರಿ ಇದೆ, ಇದು ಕ್ರಿಶ್ಚಿಯನ್ನರಿಗೆ ತಕ್ಕ ದಾರಿ ಅಂತ ಹೇಳಿ ಶುರು ಮಾಡಿದ. ರಸ್ತೆಯಲ್ಲಿ ಸಿಕ್ರೆ ಮಾತಾಡಿಸಬೇಡಿ, ಬೀದಿಯಲ್ಲಿ, ಅಂಗಡಿಯಲ್ಲಿ, ಸಂತೆಯಲ್ಲಿ, ಚರ್ಚಿನ ಒಳಗೆ ಕೂಡ ಮಾತಾಡಿಸಬೇಡಿ, ಹಿಂದಿನ ಕಾಲದಲ್ಲಿ ಕುಷ್ಠರೋಗಿಯನ್ನ ದೂರ ಇಡ್ತಿದ್ದ ಹಾಗೆ ಒಂಟಿಯಾಗಿ ಬಿಟ್ಟುಬಿಡಿ. ಇಡೀ ಭಾಷಣದಲ್ಲಿ ಬಾಯ್ಕಾಟ್ ಅನ್ನೋ ಪದ ಇಲ್ಲ, ಇರೋಕೂ ಸಾಧ್ಯ ಇಲ್ಲ. ಇನ್ನೊಂದು ವಿಷಯ ಗಮನಿಸಿ, ಪಾರ್ನೆಲ್ ಇಲ್ಲಿ ಹೇಳ್ತಿರೋದು ಧಣಿಗಳ ಬಗ್ಗೆ ಅಲ್ಲ, ಏಜೆಂಟ್‌ಗಳ ಬಗ್ಗೆಯೂ ಅಲ್ಲ. ನಮ್ಮಲ್ಲೇ ಒಬ್ಬ ರೈತ ದ್ರೋಹ ಮಾಡಿದ್ರೆ ಏನು ಅನ್ನೋದು ಪ್ರಶ್ನೆ. ಇದು ಮುಂದೆ ಬೇಕಾಗುತ್ತೆ.

ಮೂರೇ ದಿನಕ್ಕೆ, ಸೆಪ್ಟೆಂಬರ್ 22ಕ್ಕೆ, ಲಾಕ್ ಮಾಸ್ಕ್ ಹತ್ರ ಡೇವಿಡ್ ಸಿಯರ್ಸ್ ಅನ್ನೋ ನೋಟೀಸ್ ಜಾರಿ ಮಾಡೋನು ಹದಿನೇಳು ಜನ ಪೊಲೀಸರನ್ನ ಕಟ್ಕೊಂಡು ಒಕ್ಕಲೆಬ್ಬಿಸೋ ನೋಟೀಸ್ ಹಂಚೋಕೆ ಬಂದ. ಅಲ್ಲಿನ ಒಕ್ಕಲುಗಳು ಗೇಣಿಯಲ್ಲಿ ನೂರಕ್ಕೆ ಇಪ್ಪತ್ತೈದು ಕಮ್ಮಿ ಮಾಡಿ ಅಂದಿದ್ರು, ಲಾರ್ಡ್ ಅರ್ನ್ ಒಪ್ಪಿರಲಿಲ್ಲ. ಮೂರು ಮನೆಗೆ ನೋಟೀಸ್ ಕೊಟ್ಟಿದ್ದಾಯ್ತು. ನಾಲ್ಕನೇದು ಫಿಟ್ಜ್‌ಮಾರಿಸ್ ಅನ್ನೋ ಹೆಂಗಸಿನ ಮನೆ. ಆಕೆ ತಗೊಳಲ್ಲ ಅಂದು ಕೆಂಪು ಬಾವುಟ ಬೀಸಿ ಉಳಿದೋರಿಗೆ ಸೂಚನೆ ಕೊಟ್ಳು. ಅಕ್ಕಪಕ್ಕದ ಹೆಂಗಸರೆಲ್ಲ ಓಡಿ ಬಂದು ಕಲ್ಲು, ಕೆಸರು, ಸಗಣಿ ಗೊಬ್ಬರ, ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದ್ರು. ಆ ನೋಟೀಸು ನಿಗದಿತ ಅವಧಿಯೊಳಗೆ ಮನೆ ಯಜಮಾನನಿಗೆ ತಲುಪಲೇಬೇಕಿತ್ತು, ತಲುಪದಿದ್ರೆ ಜಾರಿಯೇ ಆಗಲ್ಲ, ಹಾಗಾಗಿ ಆ ಸಗಣಿಗೆ ಕಾನೂನಿನ ಬೆಲೆ ಇತ್ತು. ಸಿಯರ್ಸ್, ಪೊಲೀಸರು ಎಲ್ಲ ಓಡಿಹೋಗಿ ಬಾಯ್ಕಾಟ್ ಮನೆಯೊಳಗೆ ಸೇರ್ಕೊಂಡ್ರು. ಈ ಹೆಂಗಸರಲ್ಲಿ ಯಾರ ಹೆಸರಲ್ಲೂ ಯಾವ ಭಾಷೆಯಲ್ಲೂ ಒಂದು ಕ್ರಿಯಾಪದ ಇಲ್ಲ, ಒಳಗೆ ಅವಿತಿದ್ದ ಮನುಷ್ಯನ ಹೆಸರಲ್ಲಿ ಇದೆ.

ಮಾರನೇ ದಿನ ಬ್ಯಾಲಿನ್ರೋಬ್ ಪೇಟೆಯಿಂದ ಜನ ದೊಡ್ಡ ಗುಂಪಾಗಿ ಬಂದು ಅವನ ಆಳುಗಳಿಗೆ ಕೆಲಸ ಬಿಡಿ ಅಂದ್ರು. ಬಿಟ್ರು. ಹೊಲದ ಆಳು, ಕುದುರೆ ಲಾಯದೋನು, ಮನೆ ಕೆಲಸದೋರು, ಎಲ್ಲ. ಕಮ್ಮಾರ ಕುದುರೆಗೆ ಲಾಳ ಹೊಡೆಯಲ್ಲ ಅಂದ. ಬಟ್ಟೆ ಒಗೆಯೋಳು ಬರಲಿಲ್ಲ. ಟಪಾಲು ತರೋ ಹುಡುಗನಿಗೆ ತರಬೇಡ ಅಂತ ತಾಕೀತಾಯ್ತು, ಬಾಯ್ಕಾಟ್‌ನ ಸೋದರಳಿಯ ತಾನೇ ಟಪಾಲು ತರ್ತೀನಿ ಅಂತ ಹೊರಟ್ರೆ ಅವನನ್ನೂ ದಾರಿಯಲ್ಲಿ ತಡೆದ್ರು. ಬ್ಯಾಲಿನ್ರೋಬ್ ಅಂಗಡಿಯೋರು ಸಾಮಾನು ಕೊಡಲ್ಲ, ಹಾಗಾಗಿ ದಿನಸಿ ಕಾಂಗ್ ಅನ್ನೋ ಇನ್ನೊಂದು ಊರಿಂದ ದೋಣಿಯಲ್ಲಿ ಬರಬೇಕಾಯ್ತು. ಹೊಲದಲ್ಲಿ ಬೆಳೆ ಕೊಯ್ಲಿಗೆ ನಿಂತಿದೆ, ಕೊಯ್ಯೋರಿಲ್ಲ. ಗಂಡ ಹೆಂಡ್ತಿ ಮನೆಮಕ್ಕಳು ಸೇರ್ಕೊಂಡು ಹಾಲು ಕರೆಯೋದು ಕೊಟ್ಟಿಗೆ ಬಳಿಯೋದು ಶುರು ಮಾಡಿದ್ರು.

ನಂಗೆ ಇದ್ರಲ್ಲಿ ಕುತೂಹಲ ಅನ್ಸೋದು ಆ ಬಟ್ಟೆ ಒಗೆಯೋಳು. ಲ್ಯಾಂಡ್ ಲೀಗ್ ಸಭೆಯಲ್ಲಿ ಭಾಷಣ ಮಾಡಿದೋರ ಹೆಸರೆಲ್ಲ ದಾಖಲೆಯಲ್ಲಿದೆ. ಆದ್ರೆ ಈ ಹೋರಾಟದಲ್ಲಿ ನಿಜವಾಗಿ ನಷ್ಟ ತಗೊಂಡಿದ್ದು ಆ ಮನೆಯಿಂದ ಬರ್ತಿದ್ದ ಕೂಲಿ ಬಿಟ್ಟೋರು. ಆಳಿಗೆ ಆ ಮನೆ ಕೂಲಿ ಬಿಟ್ರೆ ಮುಂದಿನ ವಾರದ ಆಲೂಗಡ್ಡೆಗೆ ದುಡ್ಡಿಲ್ಲ. ಎಲ್ಲರೂ ಮನಸ್ಸಾರೆ ಬಿಟ್ರು ಅಂತಾನೂ ಹೇಳೋಕಾಗಲ್ಲ, ಕೆಲವರಿಗೆ ಊರಿನ ಹೆದರಿಕೆ. ಬೆದರಿಕೆ ಪತ್ರಗಳು ಓಡಾಡಿದ್ವು. ಅದೇ ಸೆಪ್ಟೆಂಬರ್ 25ಕ್ಕೆ, ಆ ಕೆರೆಯಿಂದ ಹೆಚ್ಚು ದೂರ ಇಲ್ಲದ ಕ್ಲಾನ್‌ಬರ್ ಹತ್ರ ಲಾರ್ಡ್ ಮೌಂಟ್‌ಮಾರಿಸ್ ಅನ್ನೋ ಭೂಮಾಲೀಕನನ್ನ ಯಾರೋ ಗುಂಡಿಟ್ಟು ಕೊಂದ್ರು. ಹಾಗಾಗಿ ಇದು ಪೂರ್ತಿ ಶಾಂತಿಯುತ, ಗಾಂಧಿ ಮಾದರಿ ಅಂತ ಬರೆಯೋರನ್ನ ನಾನು ನಂಬಲ್ಲ. ಬಾಯ್ಕಾಟ್ ಮೇಲೆ ಮಾತ್ರ ಯಾರೂ ಕೈ ಮಾಡಲಿಲ್ಲ, ಅದು ನಿಜ.

ಈಗ ಪದ. ಆ ಊರಿನ ಪಾದ್ರಿ ಫಾದರ್ ಜಾನ್ ಓ'ಮ್ಯಾಲಿ, ಲ್ಯಾಂಡ್ ಲೀಗಿನ ಸ್ಥಳೀಯ ಮುಖಂಡನೂ ಹೌದು. ಅಲ್ಲಿಗೆ ಬಂದಿದ್ದ ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್, ಅಮೆರಿಕದಲ್ಲಿ ಗುಲಾಮಗಿರಿ ವಿರುದ್ಧ ಬರೆದು ಹೆಸರು ಮಾಡಿದ್ದೋನು. ಆ ದಿನಗಳಲ್ಲಿ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತಿದ್ದಾಗ ನಡೆದ ಮಾತನ್ನ ರೆಡ್‌ಪಾತೇ ಆಮೇಲೆ ಬರೆದಿದ್ದಾನೆ, ಡೇವಿಟ್ ಕೂಡ ಅದನ್ನ ದಾಖಲಿಸಿದ್ದಾನೆ. ಯಾಕಪ್ಪಾ ಊಟ ಮಾಡ್ತಿಲ್ಲ ಅಂತ ಫಾದರ್ ಕೇಳಿದ. ಒಂದು ಪದ ಕಾಡ್ತಿದೆ ಅಂದ ರೆಡ್‌ಪಾತ್. ಅವನ ತೊಂದರೆ ಏನಪ್ಪಾ ಅಂದ್ರೆ, ಜನ ತಮ್ಮಲ್ಲೇ ಒಬ್ಬನನ್ನ, ಇನ್ನೊಬ್ಬನ ಜಮೀನು ನುಂಗಿದೋನನ್ನ, ದೂರ ಇಟ್ರೆ ಅದನ್ನ ಸಾಮಾಜಿಕ ಬಹಿಷ್ಕಾರ ಅಂತ ಕರೀಬಹುದು, ಚರ್ಚಿನಿಂದ ಆಚೆ ಹಾಕ್ತಾರಲ್ಲ ಆ ಅರ್ಥದ್ದು. ಆದ್ರೆ ಧಣಿಯನ್ನೋ ಬಾಯ್ಕಾಟ್ ಥರದ ಏಜೆಂಟನ್ನೋ ದೂರ ಇಟ್ರೆ ಅದಕ್ಕೆ ಬೇರೆಯದ್ದೇ ಪದ ಬೇಕು. ಆಸ್ಟ್ರಸಿಸಂ ಅನ್ನೋಣ ಅಂದ್ರೆ ರೈತರಿಗೆ ಅರ್ಥ ಆಗಲ್ಲ.

ಆಸ್ಟ್ರಸಿಸಂ ಕತೆ ಬೇರೆ, ಹಳೇ ಅಥೆನ್ಸ್ ಪಟ್ಟಣದ್ದು. ಯಾರಾದ್ರೂ ತೀರಾ ಬಲಿಷ್ಠ ಆಗ್ತಿದ್ದಾನೆ ಅನ್ಸಿದ್ರೆ ಒಡೆದ ಮಡಕೆ ಚೂರಿನ ಮೇಲೆ ಅವನ ಹೆಸರು ಗೀಚಿ ವೋಟ್ ಹಾಕೋದು, ಹತ್ತು ವರ್ಷ ಊರಿಂದ ಆಚೆ. ಮಡಕೆ ಚೂರಿಗೆ ಗ್ರೀಕಲ್ಲಿ ಓಸ್ಟ್ರಕಾನ್, ಅದರಿಂದ ಆ ಪದ. ಲೈಬ್ರರಿ ಇರೋ ಊರಿಗೆ ಸರಿ, ಮೇಯೋದ ಹೊಲಕ್ಕೆ ಅಲ್ಲ.

ಫಾದರ್ ಕೂಡ ಅದು ಬೇಡ ಅಂತ ತಲೆ ಆಡಿಸಿದ, ಕೆಳಗೆ ನೋಡಿದ, ತನ್ನ ದೊಡ್ಡ ಹಣೆ ತಟ್ಕೊಂಡ, ಆಮೇಲೆ ಕೇಳಿದ, ಅವನಿಗೆ ಬಾಯ್ಕಾಟ್ ಮಾಡೋದು ಅಂದ್ರೆ ಹೇಗಿರುತ್ತೆ? ರೆಡ್‌ಪಾತ್‌ಗೆ ಖುಷಿಯೋ ಖುಷಿ. ನೀವು ಊರಲ್ಲಿ ಬಳಸಿ, ನಾನು ಪೇಪರಲ್ಲಿ ಬಳಸ್ತೀನಿ ಅನ್ನೋ ಥರ ಒಪ್ಪಂದ ಆಯ್ತು. ಅಕ್ಟೋಬರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಅವನು ಬಳಸಿದ, ನವೆಂಬರ್ ಮುಗಿಯೋದ್ರೊಳಗೆ ಲಂಡನ್‌ನ ಟೈಮ್ಸ್ ಪತ್ರಿಕೆಗೂ ಬಂತು. ಒಬ್ಬ ವ್ಯಕ್ತಿಯ ಹೆಸರು, ಆ ಮನುಷ್ಯ ಇನ್ನೂ ಅದೇ ಮನೆಯಲ್ಲಿ ಕೂತಿರುವಾಗಲೇ, ಕ್ರಿಯಾಪದ ಆಗಿದ್ದು ಎರಡು ತಿಂಗಳಲ್ಲಿ.

ನಂಗೆ ಮುಖ್ಯ ಅನ್ಸೋದು ಆ ಊಟದ ಮಾತಿನ ಮೊದಲ ಭಾಗ. ಪದಗಳ ಇತಿಹಾಸ ಹೇಳೋರೆಲ್ಲ ಫಾದರ್ ಹಣೆ ತಟ್ಕೊಂಡಿದ್ದನ್ನ ಹೇಳ್ತಾರೆ, ರೆಡ್‌ಪಾತ್‌ಗೆ ಹೊಸ ಪದ ಯಾಕೆ ಬೇಕಾಯ್ತು ಅನ್ನೋದನ್ನ ಬಿಟ್ಟುಬಿಡ್ತಾರೆ. ಇರೋ ಪದಗಳೆಲ್ಲ ಊರು ತನ್ನವನನ್ನ ಆಚೆ ಹಾಕೋಕೆ ಇದ್ದಂಥವು. ಕೆಳಗಿನೋರು ಸೇರಿ ಮೇಲಿನವನಿಗೆ, ತಮಗೆ ಕೂಲಿ ಕೊಡೋನಿಗೆ, ತಮ್ಮನ್ನ ಮನೆಯಿಂದ ಎಬ್ಬಿಸೋ ಅಧಿಕಾರ ಇರೋನಿಗೆ ಅದೇ ಶಿಕ್ಷೆ ಕೊಟ್ರೆ ಅದಕ್ಕೆ ಹೆಸರಿರಲಿಲ್ಲ, ಯಾಕಂದ್ರೆ ಅಂಥದ್ದು ಅಷ್ಟಾಗಿ ನಡೆದಿರಲಿಲ್ಲ. ಆ ಖಾಲಿ ಜಾಗಕ್ಕೆ ಅಂತಾನೇ ಈ ಪದ ಮಾಡಿದ್ದು.

ಬಾಯ್ಕಾಟ್ ಸುಮ್ನಿರಲಿಲ್ಲ. ಟೈಮ್ಸ್ ಪತ್ರಿಕೆಗೆ ಕಾಗದ ಬರೆದ, ಅಕ್ಟೋಬರ್ 18ಕ್ಕೆ ಅಚ್ಚಾಯ್ತು. ಕಮ್ಮಾರ, ಬಟ್ಟೆ ಒಗೆಯೋಳು, ಟಪಾಲು ಹುಡುಗ, ಅಂಗಡಿಯೋರು, ಎಲ್ಲ ಒಬ್ಬೊಬ್ಬರಾಗಿ ಅದ್ರಲ್ಲಿದ್ದಾರೆ. ನಾನು ಎಲ್ಲ ಬಿಟ್ಟು ದೇಶ ತೊರೆಯದಿದ್ರೆ ನನ್ನನ್ನ ಹಾಳು ಮಾಡೋದೇ ಲ್ಯಾಂಡ್ ಲೀಗಿನ ಗುರಿ ಅಂತ ಗೋಳಾಡಿದ್ದಾನೆ. ಲಂಡನ್, ಡಬ್ಲಿನ್, ಬೆಲ್‌ಫಾಸ್ಟ್ ಪೇಪರ್‌ಗಳಿಗೆ ಇದು ದೊಡ್ಡ ಸುದ್ದಿ. ಚಂದಾ ಎತ್ತಿದ್ರು. ಉತ್ತರದಿಂದ ನೂರಾರು ಜನ ಆಯುಧ ಹಿಡ್ಕೊಂಡು ಬಂದು ಬೆಳೆ ಕೊಯ್ದು ಕೊಡ್ತೀವಿ ಅಂತ ಹೊರಟಾಗ ಸರ್ಕಾರಕ್ಕೇ ಭಯ ಆಗಿ ಐವತ್ತು ಜನ ಸಾಕು ಅಂತ ಹೇಳ್ತು. ಪಾಪ ಬಾಯ್ಕಾಟ್ ಕೇಳಿದ್ದು ಹತ್ತು ಹದಿನೈದು ಆಳು ಮಾತ್ರ.

ಕ್ಯಾವನ್, ಮೊನಹನ್ ಕೌಂಟಿಗಳಿಂದ ಐವತ್ತು ಆರೆಂಜ್‌ಮನ್‌ಗಳು, ಅಂದ್ರೆ ಬ್ರಿಟಿಷ್ ರಾಜನಿಷ್ಠ ಪ್ರಾಟೆಸ್ಟೆಂಟರು, ನವೆಂಬರಲ್ಲಿ ಕ್ಲೇರ್‌ಮಾರಿಸ್ ರೈಲ್ವೆ ಸ್ಟೇಷನ್‌ಗೆ ಬಂದಿಳಿದ್ರು. ಅಲ್ಲಿಂದ ಬ್ಯಾಲಿನ್ರೋಬ್‌ಗೆ ಗಾಡಿ ಕೊಡೋರಿಲ್ಲ, ಮಳೆಯಲ್ಲಿ ನಡೀಬೇಕಾಯ್ತು. ಈ ಐವತ್ತು ಜನರ ಕಾವಲಿಗೆ ಸಾವಿರದ ಹತ್ರ ಸೈನಿಕರು, ಪೊಲೀಸರು, ಕುದುರೆ ದಳ. ಎರಡು ವಾರ ಡೇರೆ ಹಾಕ್ಕೊಂಡು, ಮಳೆಯಲ್ಲಿ ನೆನೀತಾ, ಬಂದೂಕಿನ ಕಾವಲಲ್ಲಿ ಟರ್ನಿಪ್ ಗೆಡ್ಡೆ, ಆಲೂಗಡ್ಡೆ ಕಿತ್ತರು. ಕಾಯೋಕೆ ಬಂದ ಸೈನಿಕರೇ ಅವನ ಮರ ಕಡಿದು ಬೆಂಕಿ ಹಾಕ್ಕೊಂಡ್ರು, ಹುಲ್ಲುಹಾಸು ತುಳಿದು ಕೆಸರು ಮಾಡಿದ್ರು. ಸುಮಾರು 500 ಪೌಂಡಿನ ಬೆಳೆಗೆ ಖರ್ಚಾಗಿದ್ದು ಕಮ್ಮಿ ಅಂದ್ರೂ 10,000 ಪೌಂಡ್. ಒಂದೊಂದು ಟರ್ನಿಪ್ ಕೀಳೋಕೂ ಒಂದೊಂದು ಶಿಲಿಂಗ್ ಬಿತ್ತು ಅಂತ ಪಾರ್ನೆಲ್ ಗೇಲಿ ಮಾಡಿದ.

ಊರಿನೋರು ಏನೂ ಮಾಡಲಿಲ್ಲ, ಅದೇ ಅವರ ಜಾಣತನ. ಫಾದರ್ ಓ'ಮ್ಯಾಲಿ ಎಲ್ಲರಿಗೂ ಮನೆಯಲ್ಲಿರಿ, ಗಲಾಟೆಗೆ ಒಂದು ನೆಪ ಕೂಡ ಕೊಡಬೇಡಿ ಅಂತ ಹೇಳಿದ್ದ. ಸೈನ್ಯ ವಾಪಸ್ ಹೋಗೋ ದಿನ ದಾರಿಯಲ್ಲಿ ಯಾರೂ ಇಲ್ಲ, ಗೋಡೆಗೆ ಒರಗಿ ನಿಂತಿದ್ದ ಒಬ್ಬ ಮುದುಕಿ ಮಾತ್ರ, ಫಾದರ್ ಆಕೆಗೆ ಹೋಗಿ, ಬ್ರಿಟಿಷ್ ಸೈನ್ಯದ ತಂಟೆಗೆ ಹೋಗ್ಬೇಡ ಅಂತ ಹೇಳಿರಲಿಲ್ವಾ ನಿಂಗೆ ಅಂತ ಗದರಿಸಿದ ಅನ್ನೋ ಕತೆ ಅಲ್ಲಿ ಹೇಳ್ತಾರೆ. ಅದೇ ನವೆಂಬರ್ 27ಕ್ಕೆ ಬಾಯ್ಕಾಟ್ ಕುಟುಂಬವೂ ಹೊರಡ್ತು. ಗಾಡಿ ಓಡಿಸೋಕೆ ಒಬ್ಬನೂ ಸಿಗದೆ ಸೈನ್ಯದ ಆಂಬುಲೆನ್ಸ್ ಬಂಡಿಯಲ್ಲಿ. ಡಬ್ಲಿನ್‌ನಲ್ಲಿ ಉಳಿದ ಹೋಟೆಲಿನ ಮಾಲೀಕನಿಗೂ ಬೆದರಿಕೆ ಪತ್ರ ಬಂದು, ಅಲ್ಲಿಂದಲೂ ಜಾಗ ಖಾಲಿ ಮಾಡಿ ಡಿಸೆಂಬರ್ ಒಂದಕ್ಕೆ ಇಂಗ್ಲೆಂಡಿಗೆ.

ಮುಂದಿನ ವರ್ಷ ಅಮೆರಿಕಕ್ಕೆ ಹೋದಾಗ ಚಾರ್ಲ್ಸ್ ಕನಿಂಗ್‌ಹ್ಯಾಮ್ ಅನ್ನೋ ಅರ್ಧ ಹೆಸರಲ್ಲಿ ಹೋದ, ಪೇಪರಿನೋರು ಬಿಡ್ತಾರಾ, ಹಿಡಿದೇ ಹಿಡಿದ್ರು, ತನಗೆ ಬೇಡದಿದ್ರೂ ಭಾಷೆಗೆ ಹೊಸ ಪದ ಕೊಟ್ಟ ಮನುಷ್ಯ ಬಂದಿದ್ದಾನೆ ಅಂತ ಬರೆದ್ರು. ಅಷ್ಟೊತ್ತಿಗೆ ಪದ ಅವನ ಮುಂದೆ ಓಡ್ತಿತ್ತು. ಫ್ರೆಂಚ್, ಜರ್ಮನ್, ಡಚ್, ರಷ್ಯನ್, ಆಮೇಲೆ ಜಪಾನೀಸ್, ಎಲ್ಲ ಕಡೆ ಸ್ವಲ್ಪ ಉಚ್ಚಾರಣೆ ತಿರುಚಿ ಇದನ್ನೇ ಇಟ್ಕೊಂಡ್ರು. ಆಶ್ಚರ್ಯ ಅಂದ್ರೆ ಅವನು ಮತ್ತೆ ಲಾಕ್ ಮಾಸ್ಕ್‌ಗೆ ವಾಪಸ್ ಬಂದ, ಬ್ರಿಟಿಷ್ ಪ್ರಧಾನಿ ಗ್ಲ್ಯಾಡ್‌ಸ್ಟನ್ ಸರ್ಕಾರ 1881ರಲ್ಲಿ ಗೇಣಿ ನಿಗದಿಗೆ ಕೋರ್ಟ್ ಮಾಡೋ ಕಾಯ್ದೆ ತಂದಿತ್ತು, ಜನರ ಸಿಟ್ಟು ಇಳಿದಿತ್ತು, 1886ರ ತನಕ ಅಲ್ಲೇ ಇದ್ದು ಆಮೇಲೆ ಇಂಗ್ಲೆಂಡಿನ ಸಫೋಕ್‌ನಲ್ಲಿ ಇನ್ನೊಬ್ಬರ ಎಸ್ಟೇಟಿಗೆ ಏಜೆಂಟ್ ಆದ. ರಜೆಗೆ ಮತ್ತೆ ಐರ್ಲೆಂಡಿಗೇ ಹೋಗ್ತಿದ್ದನಂತೆ. 1897ರಲ್ಲಿ ಸತ್ತ.

ಪದ ಹೊಸದು, ಕೆಲಸ ಹಳೇದು ಅನ್ನೋದನ್ನೂ ಹೇಳ್ಬೇಕು. 1791ರಲ್ಲೇ ಇಂಗ್ಲೆಂಡಲ್ಲಿ ಲಕ್ಷಾಂತರ ಜನ ವೆಸ್ಟ್ ಇಂಡೀಸ್ ಸಕ್ಕರೆ ಬಿಟ್ಟಿದ್ರು, ಗುಲಾಮರ ಕೈಲಿ ಮಾಡಿಸಿದ ಸಕ್ಕರೆ ನಮಗೆ ಬೇಡ ಅಂತ. ಗುಲಾಮರು ಮಾಡದ ಈಸ್ಟ್ ಇಂಡಿಯಾ ಸಕ್ಕರೆ ಅಂತ ಬರೆದ ಸಕ್ಕರೆ ಬಟ್ಟಲುಗಳು ಆಮೇಲೆ ಬಂದ್ವು, ನಮ್ಮ ದೇಶದ ಸಕ್ಕರೆ ಅಲ್ಲಿ ಒಳ್ಳೆಯವರ ಸಕ್ಕರೆ ಆಗಿತ್ತು. ಇಲ್ಲಿ ನಮ್ಮ ರೈತನ ಸ್ಥಿತಿ ಹೇಗಿತ್ತು ಅಂತ ಆ ಬಟ್ಟಲು ಹಿಡಿದೋರಿಗೆ ಕೇಳೋರಿಲ್ಲ ಬಿಡಿ.

ನಮ್ಮಲ್ಲಿ ಈ ಪದ ಜೋರಾಗಿ ಕೇಳಿಸಿದ್ದು ಬಂಗಾಳ ವಿಭಜನೆ ಹೊತ್ತಲ್ಲಿ. 1905ರ ಆಗಸ್ಟ್ 7ಕ್ಕೆ ಕಲ್ಕತ್ತಾ ಟೌನ್‌ಹಾಲ್ ಸಭೆಯಲ್ಲಿ ಬ್ರಿಟಿಷ್ ಮಾಲಿನ ಬಹಿಷ್ಕಾರದ ನಿರ್ಣಯ ಆಯ್ತು, ಸ್ವದೇಶಿ ಗಾಳಿ ಧಾರವಾಡದ ಕಡೆಗೂ ಬಂತು. 1928ರಲ್ಲಿ ಸೈಮನ್ ಕಮಿಷನ್‌ಗೆ ಬಹಿಷ್ಕಾರ. ಸಿದ್ದಾಪುರ, ಅಂಕೋಲಾ ಕಡೆ ಕರನಿರಾಕರಣೆ ಆದಾಗ ಸರ್ಕಾರ ಜಮೀನು ಜಪ್ತಿ ಮಾಡಿ ಮಾರೋಕೆ ಹೊರಡ್ತು, ಆಗ ಆ ಜಮೀನು ಕೊಳ್ಳೋನು ಯಾರು ಅನ್ನೋದು ಎನ್ನಿಸ್ ಸಭೆಯಲ್ಲಿ ಪಾರ್ನೆಲ್ ಕೇಳಿದ್ದ ಪ್ರಶ್ನೆಯೇ ಆಗಿತ್ತು. ಈಗಂತೂ ಪ್ರತಿ ಎಲೆಕ್ಷನ್‌ಗೂ ಎಲ್ಲಾದ್ರೂ ಒಂದು ಹಳ್ಳಿ ಬಾಗಿಲಲ್ಲಿ ಬ್ಯಾನರ್ ಇದ್ದೇ ಇರುತ್ತೆ, ರಸ್ತೆ ಇಲ್ಲ, ಸೇತುವೆ ಇಲ್ಲ, ಮತದಾನ ಬಹಿಷ್ಕಾರ ಅಂತ, ತಹಶೀಲ್ದಾರರು ಓಡಿ ಬರ್ತಾರೆ, ಭರವಸೆ ಕೊಡ್ತಾರೆ, ಸಂಜೆ ಹೊತ್ತಿಗೆ ಒಂದಷ್ಟು ವೋಟ್ ಬೀಳುತ್ತೆ. ಇನ್ನು ಫೋನಲ್ಲಿ ದಿನಾ ಒಂದು ಸಿನಿಮಾಕ್ಕೋ ಒಂದು ಆ್ಯಪ್‌ಗೋ ಬಾಯ್ಕಾಟ್ ಹ್ಯಾಶ್‌ಟ್ಯಾಗ್. ಇದು ಬಾಯ್ಕಾಟ್ ಅಲ್ಲ ಕಣೋ, ಬಾಯಿ ಕಾಟ ಅಂತಾನೆ ನನ್ನೊಬ್ಬ ಫ್ರೆಂಡು. ಮೇಯೋದ ಕಮ್ಮಾರನ ಥರ ಇದ್ರಲ್ಲಿ ಯಾರಿಗೂ ಒಂದು ದಿನದ ಕೂಲಿಯೂ ಹೋಗಲ್ಲವಾದ್ದರಿಂದ ನಂಗೂ ಅವನ ಮಾತೇ ಸರಿ ಅನ್ಸುತ್ತೆ.

ಆದ್ರೆ ಕನ್ನಡದಲ್ಲಿ ನಾವು ಎಲ್ಲಕ್ಕೂ ಬಳಸೋದು ಬಹಿಷ್ಕಾರ ಅನ್ನೋ ಒಂದೇ ಪದ. ಅದು ರೆಡ್‌ಪಾತ್ ಬೇಡ ಅಂದ ಹಳೇ ಸಾಲಿನ ಪದ. ಜಾತಿಯಿಂದ ಆಚೆ ಹಾಕೋದು, ಬದುಕಿರೋ ಹೆಣ್ಣಿಗೆ ಘಟಶ್ರಾದ್ಧ ಮಾಡೋದು, ಯಾರದೋ ಮನೆಗೆ ಬೆಂಕಿ ನೀರು ಕೊಡಬೇಡಿ ಅಂತ ಊರು ಕಟ್ಟಪ್ಪಣೆ ಮಾಡೋದು, ಇವೆಲ್ಲ ಆ ಪದದ ಒಳಗೆ ಮೊದಲಿಂದ ಇದ್ವು. ಅದೇ ಪದದಲ್ಲಿ ಸ್ವಾತಂತ್ರ್ಯ ಹೋರಾಟವನ್ನೂ ತುಂಬಿದ್ವಿ. ಹಾಗಾಗಿ ಪೇಪರಲ್ಲಿ ಗ್ರಾಮಸ್ಥರಿಂದ ಬಹಿಷ್ಕಾರ ಅಂತ ತಲೆಬರಹ ನೋಡಿದ್ರೆ ಪೂರ್ತಿ ಓದೋ ತನಕ ಗೊತ್ತಾಗಲ್ಲ, ಊರು ಸರ್ಕಾರದ ಮೇಲೆ ಸಿಟ್ಟಾಗಿದೆಯೋ, ಇಲ್ಲಾ ದೇವಸ್ಥಾನಕ್ಕೆ ಹೋದ ಒಂದು ದಲಿತ ಕುಟುಂಬದ ಮೇಲೋ ಅಂತ.

ಇದನ್ನ ಸರಿಯಾಗಿ ಕಂಡೋರು ಅಂಬೇಡ್ಕರ್. 1927ರಲ್ಲಿ ದಲಿತರಿಗೆ ಬಿಡದಿದ್ದ ಮಹಾಡ್ ಕೆರೆ ನೀರು ಮುಟ್ಟಿದ ಕೆಲವೇ ದಿನಕ್ಕೆ ಅವರು ಶುರು ಮಾಡಿದ ಪತ್ರಿಕೆಯ ಹೆಸರೇ ಬಹಿಷ್ಕೃತ ಭಾರತ. ಆಮೇಲೆ ದಲಿತರ ಸ್ಥಿತಿ ನೋಡೋಕೆ ಮುಂಬೈ ಸರ್ಕಾರ ನೇಮಿಸಿದ ಸ್ಟಾರ್ಟ್ ಕಮಿಟಿಯಲ್ಲಿ ಅವರೂ ಸದಸ್ಯರು. ಆ ವರದಿಯಲ್ಲಿ ಒಂದು ಮಾತಿದೆ, ದಲಿತರನ್ನ ತುಳಿಯೋಕೆ ಸಾಮಾಜಿಕ ಬಹಿಷ್ಕಾರಕ್ಕಿಂತ ಪರಿಣಾಮಕಾರಿ ಅಸ್ತ್ರ ಇನ್ನೊಂದಿಲ್ಲ, ನೇರ ಹಿಂಸೆ ಕೂಡ ಇದರ ಮುಂದೆ ಸಪ್ಪೆ, ಇದು ಕಾನೂನುಬದ್ಧ ಅನ್ನೋ ಹಾಗೆ ನಡೆದುಹೋಗೋದ್ರಿಂದ ಇನ್ನೂ ಅಪಾಯ ಅಂತ. ಕೂಲಿ ಕೊಡಲ್ಲ, ಜಮೀನಿನ ದಾರಿ ಬಿಡಲ್ಲ, ಅಂಗಡಿಯಲ್ಲಿ ಸಾಮಾನು ಕೊಡಲ್ಲ. ಬಾಯ್ಕಾಟ್ ಟೈಮ್ಸ್‌ಗೆ ಬರೆದ ಕಾಗದದ ಪಟ್ಟಿಯೇ ಇದು, ಈ ಸಲ ಅನುಭವಿಸೋನು ಗೇಣಿ ಎತ್ತೋನಲ್ಲ, ಹೊಲದಲ್ಲಿ ದುಡಿಯೋನು.

ದುಂಡುಮೇಜಿನ ಪರಿಷತ್ತಿಗೆ ಅಂಬೇಡ್ಕರ್, ಮದ್ರಾಸಿನ ದಲಿತ ನಾಯಕ ಆರ್. ಶ್ರೀನಿವಾಸನ್ ಇಬ್ಬರೂ ಸೇರಿ ಕೊಟ್ಟ ಮನವಿಯಲ್ಲಿ ಬಹಿಷ್ಕಾರವನ್ನ ಅಪರಾಧ ಮಾಡಿ ಅಂತ ಕೇಳಿದ್ರು. ಅದರ ವ್ಯಾಖ್ಯೆಯನ್ನ ಅವರು ತಗೊಂಡಿದ್ದು 1922ರ ಬರ್ಮಾದ ಬಹಿಷ್ಕಾರ ವಿರೋಧಿ ಕಾಯ್ದೆಯಿಂದ, ಸ್ವಲ್ಪ ತಿದ್ದಿ. ಇದು ನಂಗೆ ಈ ಇಡೀ ಕತೆಯಲ್ಲೇ ತುಂಬಾ ಇಷ್ಟ ಆಗೋ ಭಾಗ. ಬಾಯ್ಕಾಟ್ ವಿರುದ್ಧ ಕಾನೂನು ಮಾಡೋ ಚಟ ಬ್ರಿಟಿಷರಿಗೆ ಐರ್ಲೆಂಡಲ್ಲೇ ಹತ್ತಿತ್ತು, 1887ರಲ್ಲಿ ಒಂದು ಕಾಯ್ದೆಯನ್ನೇ ತಂದಿದ್ರು, ಧಣಿಗಳನ್ನ ಉಳಿಸೋಕೆ. ಬರ್ಮಾದಲ್ಲಿ ಮಾಡಿದ್ದು ಸರ್ಕಾರದ ಜೊತೆ ನಿಂತೋರನ್ನ ಉಳಿಸೋಕೆ. ಆಳೋರು ತಮಗೋಸ್ಕರ ಬರೆದ್ಕೊಂಡ ಅದೇ ಕಾನೂನಿನ ವಾಕ್ಯಗಳನ್ನ ಅಂಬೇಡ್ಕರ್ ಎತ್ಕೊಂಡು ಊರಾಚೆ ಇದ್ದೋರ ರಕ್ಷಣೆಗೆ ಇಟ್ರು.

ಅದು ಜಾರಿಯಾಗೋಕೆ ಎಷ್ಟೋ ದಶಕ ಹಿಡೀತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರದ್ದು, ಅದಕ್ಕೆ 2015ರಲ್ಲಿ ತಿದ್ದುಪಡಿ ತಂದಾಗ ಸಾಮಾಜಿಕ ಬಹಿಷ್ಕಾರ, ಆರ್ಥಿಕ ಬಹಿಷ್ಕಾರ ಎರಡನ್ನೂ ವ್ಯಾಖ್ಯಾನ ಮಾಡಿ ಅಪರಾಧಗಳ ಪಟ್ಟಿಗೆ ಸೇರಿಸಿದ್ರು, 2016ರ ಜನವರಿ 26ರಿಂದ ಜಾರಿ. ವ್ಯವಹಾರ ಮಾಡಲ್ಲ ಅನ್ನೋದು, ಕೂಲಿಗೆ ಕರೆಯಲ್ಲ ಅನ್ನೋದು, ಸೇವೆ ಕೊಡಲ್ಲ ಅನ್ನೋದು, ಆ ಬರ್ಮಾ ಕಾಯ್ದೆಯ ಧಾಟಿಯಲ್ಲೇ ಇದೆ.

ಕೇಸು ನಿಲ್ಲಿಸೋದು ಮಾತ್ರ ಕಷ್ಟ. ಹೊಡೆದ್ರೆ ಗಾಯ ಇರುತ್ತೆ, ಇಲ್ಲಿ ಯಾರೂ ಏನೂ ಮಾಡಿರಲ್ಲ. ಹಿಟ್ಟಿನ ಗಿರಣಿಯೋನು ಮೋಟರ್ ಕೆಟ್ಟಿದೆ ಅಂದಿರ್ತಾನೆ, ಕಟಿಂಗ್ ಶಾಪಿನೋನು ಹೊರಗೆ ಹೋಗ್ಬೇಕು ಅಂತ ಶಟರ್ ಎಳೆದಿರ್ತಾನೆ, ಜಮೀನಿನೋನು ಈ ಸಲ ಮಷೀನಲ್ಲಿ ಕೊಯ್ಲು ಮಾಡಿಸ್ತೀನಿ ಅಂದಿರ್ತಾನೆ, ಒಂದೊಂದೂ ಬಿಡಿಬಿಡಿಯಾಗಿ ನೋಡಿದ್ರೆ ಅವರವರ ಸ್ವಂತ ವಿಷಯ. ಊರಲ್ಲಿ ಮೀಟಿಂಗ್ ಮಾಡಿ ದಂಡ ಇಟ್ಟಿದ್ರು ಅಂತ ಸಾಕ್ಷಿ ಹೇಳೋಕೆ ಅದೇ ಊರಿನೋನೊಬ್ಬ ಬರಬೇಕು. ತನಿಖೆಯನ್ನ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನೋರು ಮಾಡೋ ಹಾಗಿಲ್ಲ ಅಂತ ನಿಯಮ ಇದೆ, ಅವರು ಬರ್ತಾರೆ, ಶಾಂತಿ ಸಭೆ ಮಾಡ್ತಾರೆ, ಎಲ್ಲರೂ ಒಟ್ಟಿಗೆ ಟೀ ಕುಡಿದ ಫೋಟೋ ಮಾರನೇ ದಿನ ಪೇಪರಲ್ಲಿ ಬರುತ್ತೆ, ಜೀಪು ಹೋದ ಮೇಲೆ ಗಿರಣಿ ಮೋಟರ್ ಮತ್ತೆ ಕೆಡುತ್ತೆ. ಲಾಕ್ ಮಾಸ್ಕ್ ಮನೆಗೆ ಸಾವಿರ ಸೈನಿಕರು ಬಂದು ಎರಡು ವಾರ ಕಾವಲಿದ್ರು, ಒಂದು ಹೊಲದ ಟರ್ನಿಪ್‌ಗೆ.